ಅಂಗಪ್ರಮಾಣದ ಅಚ್ಚುಚಿತ್ರಗಳು: ಡ್ಯೂರರ್‌ನಿಂದ ಕ್ಯಾಂಪರ್‌ವರೆಗೆ

ಮನುಷ್ಯನ ಮುಖ ಅವನ ಎತ್ತರದ ಹತ್ತನೆಯ ಒಂದು ಪಾಲು, ಪಾದ ಆರನೆಯ ಒಂದು ಪಾಲು ಎಂದು ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ ಬರೆದಿದ್ದಾನೆ. ಕೈಕಾಲು ಚಾಚಿ ಮಲಗಿದವನ ಹೊಕ್ಕುಳಲ್ಲಿ ಕೈವಾರದ ಮೊನೆ ಊರಿ ವೃತ್ತ ಎಳೆದರೆ ಅದು ಬೆರಳುಗಳ ತುದಿಯನ್ನು ಮುಟ್ಟುತ್ತದೆ, ಅದೇ ದೇಹ ಚೌಕದೊಳಗೂ ಹಿಡಿಸುತ್ತದೆ ಎಂಬುದು ಅವನ ಇನ್ನೊಂದು ಮಾತು. ಓದಲು ಸಲೀಸಾದ ಈ ಲೆಕ್ಕದ ತೊಡಕು ಗೊತ್ತಾಗುವುದು ಅದನ್ನು ಚಿತ್ರಿಸಲು ಕುಳಿತಾಗ.

ವಿಟ್ರೂವಿಯಸ್ಸನ ಗ್ರಂಥವನ್ನು ವಾಸ್ತುಶಿಲ್ಪಿ ಚೆಸಾರಿಯಾನೊ ಚಿತ್ರಗಳೊಂದಿಗೆ 1521ರಲ್ಲಿ ಇಟಲಿಯ ಕೋಮೊದಲ್ಲಿ ಅಚ್ಚುಹಾಕಿಸಿದ ಆವೃತ್ತಿಯಲ್ಲಿ ಇದು ಕಣ್ಣಿಗೆ ರಾಚುತ್ತದೆ. ವೃತ್ತಕ್ಕೂ ಚೌಕಕ್ಕೂ ಹೊಕ್ಕುಳನ್ನೇ ನಡುವಾಗಿಸಿ, ಚೌಕದ ನಾಲ್ಕೂ ಮೂಲೆಗಳು ವೃತ್ತಕ್ಕೆ ತಾಗುವಂತೆ ಅವನು ಎಳೆದದ್ದರಿಂದ, ಮೂಲೆಗಳನ್ನು ಮುಟ್ಟಲು ಆ ಬಡಪಾಯಿಯ ಕೈಕಾಲುಗಳು ವಿಪರೀತ ಉದ್ದವಾಗಬೇಕಾಯಿತು. ಎರಡು ಆಕೃತಿಗಳ ನಡುಬಿಂದುಗಳನ್ನು ಬೇರೆ ಮಾಡಿ ಲಿಯೊನಾರ್ಡೊ ಸುಮಾರು 1490ರಲ್ಲೇ ಇದನ್ನು ಬಗೆಹರಿಸಿದ್ದನಾದರೂ, ಅದು ಅವನ ಕಾಲದಲ್ಲಿ ಅಚ್ಚಾಗದ ಕೈಬರಹದ ಹಾಳೆಯಾಗಿತ್ತು.

ನ್ಯೂರೆಂಬರ್ಗಿನ ಆಲ್‌ಬ್ರೆಖ್ಟ್ ಡ್ಯೂರರ್ ಹಿಡಿದ ದಾರಿ ಬೇರೆ. ವೆನಿಸ್ಸಿನ ಚಿತ್ರಕಾರ ಯಾಕೊಪೊ ದೆ ಬಾರ್ಬರಿ ಅಳತೆಯಿಂದ ರಚಿಸಿದ ಗಂಡು ಹೆಣ್ಣಿನ ಚಿತ್ರಗಳನ್ನು ತೋರಿಸಿ, ವಿಧಾನವನ್ನು ಮಾತ್ರ ಪೂರ್ತಿಯಾಗಿ ಬಿಟ್ಟುಕೊಡಲಿಲ್ಲವೆಂದು ಡ್ಯೂರರ್ ಬರೆದುಕೊಂಡಿದ್ದಾನೆ. 1504ರಲ್ಲಿ ತಾಮ್ರದ ತಗಡಿನ ಮೇಲೆ ಕೆತ್ತಿದ ‘ಆದಂ ಮತ್ತು ಈವ್’ನಲ್ಲಿ ಒಂದೇ ಪರಿಪೂರ್ಣ ದೇಹವನ್ನು ಹುಡುಕಿದವನು ಕ್ರಮೇಣ ಆ ಆಸೆಯನ್ನೇ ಕೈಬಿಟ್ಟನು. ಅವನು ತೀರಿಕೊಂಡ ಕೆಲವೇ ತಿಂಗಳಲ್ಲಿ, 1528ರಲ್ಲಿ, ಹೊರಬಂದ ಅಂಗಪ್ರಮಾಣದ ನಾಲ್ಕು ಭಾಗಗಳ ಗ್ರಂಥದಲ್ಲಿ ಸ್ಥೂಲಕಾಯದ ಹಳ್ಳಿಗರಿಂದ ಹಿಡಿದು ಕಡ್ಡಿಯಂಥ ಎತ್ತರದವರವರೆಗೆ ಹಲವು ಬಗೆಯ ಗಂಡಸರೂ ಹೆಂಗಸರೂ ಮುಂಭಾಗ, ಪಕ್ಕ, ಹಿಂಭಾಗಗಳಿಂದ ನಿಂತಿದ್ದಾರೆ. ಮರದ ಅಚ್ಚನ್ನು ಅಕ್ಷರದ ಮೊಳೆಗಳ ಜೊತೆಗೇ ಜೋಡಿಸಿ ಒಂದೇ ಒತ್ತಿನಲ್ಲಿ ಮುದ್ರಿಸಬಹುದಾಗಿದ್ದರಿಂದ ಚಿತ್ರವೂ ಅಳತೆಯೂ ಒಂದೇ ಪುಟದಲ್ಲಿ ಕುಳಿತವು. ಮೂರನೆಯ ಭಾಗದಲ್ಲಂತೂ ಅವನು ಮುಖದ ಮೇಲಿನ ಗೆರೆಗಳನ್ನು ಓರೆಮಾಡಿ, ಒತ್ತರಿಸಿ, ಹಿಗ್ಗಿಸಿ, ಒಂದು ಮುಖದಿಂದ ಹತ್ತಾರು ಮುಖಗಳನ್ನು ಹುಟ್ಟಿಸಿದ್ದಾನೆ. ಇಡೀ ಪರಂಪರೆಯಲ್ಲಿ ಇಷ್ಟು ಉದಾರವಾದ ಪುಟಗಳು ಬೇರೆಲ್ಲೂ ಇಲ್ಲವೆಂಬುದು ನನ್ನ ಅನಿಸಿಕೆ.

ಆ ಔದಾರ್ಯ ಬಾಳಲಿಲ್ಲ. 1683ರಲ್ಲಿ ಪ್ಯಾರಿಸ್ಸಿನ ಜೆರಾರ್ ಓದ್ರಾನ್ ಜೀವಂತ ದೇಹಗಳನ್ನು ಬಿಟ್ಟು ಪ್ರಾಚೀನ ಪ್ರತಿಮೆಗಳನ್ನು ಅಳೆದು ತಾಮ್ರಫಲಕಗಳಲ್ಲಿ ಕೆತ್ತಿದನು. ತಲೆಯನ್ನು ನಾಲ್ಕು ಭಾಗ, ಪ್ರತಿ ಭಾಗವನ್ನು ‘ನಿಮಿಷ’ ಎಂಬ 12 ಕಿರುಪಾಲುಗಳಾಗಿ ವಿಂಗಡಿಸಿದ ಈ ಸೂಕ್ಷ್ಮ ಅಳತೆಯಲ್ಲಿ, ಅಪೊಲೊ ಮತ್ತು ಲವೊಕೂನ್ ಪ್ರತಿಮೆಗಳ ಒಂದು ಕಾಲು ಇನ್ನೊಂದಕ್ಕಿಂತ ಉದ್ದವೆಂದು ಅವನಿಗೇ ಕಂಡುಬಂದಿತು. ಆದರೂ ಮಾದರಿಯ ಪಟ್ಟ ಪ್ರತಿಮೆಗಳಿಗೇ ಉಳಿಯಿತು.

ಡಚ್ ಅಂಗರಚನಾಶಾಸ್ತ್ರಜ್ಞ ಪೆಟ್ರಸ್ ಕ್ಯಾಂಪರ್ ಬುರುಡೆಗಳ ಪಾರ್ಶ್ವಚಿತ್ರಗಳ ಮೇಲೆ ಗೆರೆ ಎಳೆದು ಮುಖಕೋನವನ್ನು, ಅಂದರೆ ಹಣೆಯಿಂದ ಮೇಲ್ದವಡೆಗಿಳಿಯುವ ಗೆರೆ ಅಡ್ಡಗೆರೆಯೊಂದಿಗೆ ಮಾಡುವ ಕೋನವನ್ನು, ಅಳೆದದ್ದು ಈ ಹಾದಿಯಲ್ಲೇ. ಅವನು ತೀರಿಕೊಂಡ ಮೇಲೆ, 1791ರಲ್ಲಿ, ಪ್ರಕಟವಾದ ಫಲಕಗಳಲ್ಲಿ ಒಂದು ತುದಿಗೆ ವಾನರ, ಇನ್ನೊಂದು ತುದಿಗೆ 100 ಡಿಗ್ರಿಯ ಗ್ರೀಕ್ ಪ್ರತಿಮೆ, ನಡುವೆ ಜೀವಂತ ಜನಾಂಗಗಳು. ಮನುಷ್ಯರೆಲ್ಲ ಒಂದೇ ಮೂಲದವರೆಂದು ನಂಬಿದ್ದ ಕ್ಯಾಂಪರ್ ಇವನ್ನು ಮುಖ್ಯವಾಗಿ ಚಿತ್ರಕಾರರಿಗೆಂದು ರಚಿಸಿದ್ದನು. 19ನೇ ಶತಮಾನದ ಜನಾಂಗವಾದಿಗಳು ಅದೇ ಸಾಲನ್ನು ಮೇಲುಕೀಳಿನ ಪುರಾವೆಯೆಂದು ತಮ್ಮ ಪುಸ್ತಕಗಳಿಗೆ ಎತ್ತಿಕೊಂಡರು.