ಓದುಗರ ಪ್ರಶ್ನೆ: ‘ಐ ಗೋ’ ಅನ್ಬೇಕಾ, ‘ಐ ಆಮ್ ಗೋಯಿಂಗ್’ ಅನ್ಬೇಕಾ?

ಪ್ರಶ್ನೆ: ಪ್ರೆಸೆಂಟ್ ಟೆನ್ಸ್ ರೂಲ್ಸ್ ಎಲ್ಲಾ ಬಾಯಿಪಾಠ ಇದೆ, ಬಿಟ್ಟ ಸ್ಥಳ ತುಂಬಿ ಅಂದ್ರೆ ತುಂಬ್ತೀನಿ, ಆದ್ರೆ ಮಾತಾಡೋಕೆ ಬಾಯಿ ಬಿಟ್ರೆ ಐ ಗೋ ಅನ್ಬೇಕೋ ಐ ಆಮ್ ಗೋಯಿಂಗ್ ಅನ್ಬೇಕೋ ಗೊತ್ತಾಗಲ್ಲ. ಭಯಕ್ಕೆ ಎಲ್ಲಾದಕ್ಕೂ ಐಎನ್‌ಜಿ ಸೇರಿಸ್ಬಿಡ್ತೀನಿ. ಯಾಕೆ ಹಿಂಗಾಗುತ್ತೆ?

ಸ್ಪೋಕನ್ ಇಂಗ್ಲಿಷ್ ಹೇಳಿಕೊಡೋಕೆ ಶುರು ಮಾಡಿದಾಗಿಂದ ನಾನು ಅತಿ ಹೆಚ್ಚು ಸಲ ಕೇಳಿರೋ ಪ್ರಶ್ನೆ ಇದೇ. ಕನ್ನಡ ಮೀಡಿಯಂನಲ್ಲಿ ಓದಿದವರಂತೂ ಕೇಳಿದ ಮೇಲೆ ‘ನಮ್ ತಲೆಗೆ ಹತ್ತಲ್ಲ ಬಿಡಿ’ ಅಂತ ಒಂದು ಮಾತು ಸೇರಿಸ್ತಾರೆ, ಅದು ಕೇಳಿದ್ರೆ ಬೇಜಾರಾಗುತ್ತೆ. ತಲೇಲಿ ಏನೂ ತೊಂದ್ರೆ ಇಲ್ಲ. ನೀವು ಕನ್ನಡದಲ್ಲಿ ಸರಿಯಾಗೇ ಯೋಚ್ನೆ ಮಾಡ್ತಿದೀರಾ, ಆದ್ರೆ ಕನ್ನಡ ಗೆರೆ ಎಳೆದಿರೋ ಜಾಗದಲ್ಲಿ ಇಂಗ್ಲಿಷ್ ಗೆರೆ ಎಳೆದಿಲ್ಲ, ಅಷ್ಟೇ.

‘ಹೋಗ್ತೀನಿ’ ಅನ್ನೋ ಒಂದೇ ಪದ ತಗೊಳ್ಳಿ. ‘ದಿನಾ ವಾಕಿಂಗ್ ಹೋಗ್ತೀನಿ’ ಅಂತೀವಿ, ‘ನಾಳೆ ಊರಿಗೆ ಹೋಗ್ತೀನಿ’ ಅಂತಾನೂ ಅಂತೀವಿ. ಕನ್ನಡದಲ್ಲಿ ಎರಡಕ್ಕೂ ಒಂದೇ ರೂಪ ಸಾಕು, ಇಂಗ್ಲಿಷ್‌ನಲ್ಲಿ ಮೊದಲನೇದು ‘ಐ ಗೋ’, ಎರಡನೇದು ‘ಐ ವಿಲ್ ಗೋ’, ಟಿಕೆಟ್ ಬುಕ್ ಆಗಿ ಎಲ್ಲಾ ಗ್ಯಾರಂಟಿ ಆಗಿದ್ರೆ ‘ಐ ಆಮ್ ಗೋಯಿಂಗ್ ಟುಮಾರೊ’. ಹಂಗೇ ‘ಮಾಡ್ತಾ ಇದ್ದೀನಿ’ ನೋಡಿ. ‘ಈಗ ಅಡುಗೆ ಮಾಡ್ತಾ ಇದ್ದೀನಿ’ ಅಂದ್ರೆ ಒಲೆ ಮುಂದೆ ನಿಂತಿದೀನಿ ಅಂತ, ಆದ್ರೆ ‘ಬ್ಯಾಂಕಲ್ಲಿ ಕೆಲಸ ಮಾಡ್ತಾ ಇದ್ದೀನಿ’ ಅಂತ ಭಾನುವಾರ ಮನೇಲಿ ಸೋಫಾ ಮೇಲೆ ಕೂತ್ಕೊಂಡೂ ಹೇಳ್ತೀವಲ್ಲ! ಅದು ಉದ್ಯೋಗ, ಈ ಕ್ಷಣದ ಕೆಲಸ ಅಲ್ಲ. ಇಂಗ್ಲಿಷ್‌ನಲ್ಲಿ ಅದಕ್ಕೆ ‘ಐ ವರ್ಕ್ ಇನ್ ಎ ಬ್ಯಾಂಕ್’. ‘ಐ ಆಮ್ ವರ್ಕಿಂಗ್ ಇನ್ ಎ ಬ್ಯಾಂಕ್’ ಅಂದ್ರೆ ಸದ್ಯಕ್ಕೆ ಅಲ್ಲಿದೀನಿ, ಮುಂದೆ ನೋಡೋಣ ಅನ್ನೋ ತರ ಕೇಳಿಸಬಹುದು.

ನನ್ ಹತ್ರ ಕಲೀತಿದ್ದ ಒಬ್ಬ ಹುಡುಗ ಇಂಟರ್‌ವ್ಯೂಗೆ ಹೋಗಿದ್ದ. ನಿಮ್ ಬಗ್ಗೆ ಹೇಳಿ ಅಂದಿದ್ದಕ್ಕೆ ‘ಐ ಆಮ್ ಕಮಿಂಗ್ ಫ್ರಮ್ ಹಾಸನ’ ಅಂದ. ಎದುರಿಗಿದ್ದವರು ಪಾಪ ಒಳ್ಳೇ ಮನಸ್ಸಿಂದಾನೇ, ಅಷ್ಟು ದೂರದಿಂದ ಬೆಳಗ್ಗೆನೇ ಹೊರಟ್ರಾ, ತಿಂಡಿ ಆಯ್ತಾ ಅಂತ ಕೇಳಿದಾರೆ. ಇವನು ಆರು ತಿಂಗಳಿಂದ ಬೆಂಗಳೂರಲ್ಲೇ ಪಿಜಿಲಿ ಇದ್ದ! ಅವನು ಹೇಳೋಕೆ ಹೊರಟಿದ್ದು ‘ನಮ್ಮೂರು ಹಾಸನ’ ಅಂತ, ಅದಕ್ಕೆ ‘ಐ ಕಮ್ ಫ್ರಮ್ ಹಾಸನ’ ಅಥವಾ ಸುಮ್ನೆ ‘ಐ ಆಮ್ ಫ್ರಮ್ ಹಾಸನ’ ಅಂದಿದ್ರೆ ಸಾಕಿತ್ತು. ಐಎನ್‌ಜಿ ಬಂದ ತಕ್ಷಣ ಹುಟ್ಟೂರು ಹೋಗಿ ಬಸ್ ಪ್ರಯಾಣ ಆಗ್ಬಿಡ್ತು.

ಅದಕ್ಕೆ ನಾನು ಟೆನ್ಸ್ ಹೆಸರು ಮರೆತುಬಿಡಿ ಅಂತೀನಿ. ‘ಐ ಗೋ’ ತರದ ರೂಪಕ್ಕಿರೋ ಸಿಂಪಲ್ ಪ್ರೆಸೆಂಟ್ ಅನ್ನೋ ಹೆಸರೇ ದಾರಿ ತಪ್ಪಿಸುತ್ತೆ, ಯಾಕಂದ್ರೆ ಅದು ಹೆಚ್ಚಾಗಿ ‘ಈಗ’ ನಡೀತಿರೋದನ್ನ ಹೇಳೋದೇ ಇಲ್ಲ. ರೂಢಿ, ಉದ್ಯೋಗ, ಊರು, ಸೂರ್ಯ ಹುಟ್ಟೋದು, ರೈಲು ಹೊರಡೋ ಟೈಮು, ಇಂಥದ್ದಕ್ಕೆಲ್ಲ ಅದು. ಕ್ರಿಕೆಟ್ ಕಾಮೆಂಟರಿಲಿ ‘ಹಿ ಡ್ರೈವ್ಸ್, ಹಿ ಕಟ್ಸ್’ ಅಂತ ಆಗ್ತಿರೋದನ್ನೇ ಹೇಳ್ತಾರೆ ನಿಜ, ಅದು ಕಣ್ಣು ಮಿಟುಕಿಸೋದ್ರಲ್ಲಿ ಮುಗಿಯೋ ಕೆಲಸ ಅನ್ನೋದಕ್ಕೆ. ಮಾತಾಡೋ ಮುಂಚೆ ನಿಮ್ಮನ್ನ ನೀವೇ ಕೇಳ್ಕೊಳ್ಳಿ: ನಾನು ಈಗ ನಿದ್ದೆ ಮಾಡ್ತಿದ್ರೂ ಈ ಮಾತು ನಿಜಾನಾ? ಹೌದು ಅಂದ್ರೆ ಐಎನ್‌ಜಿ ಬೇಡ. ನಿದ್ದೆ ಮಾಡ್ತಿದ್ರೂ ನಮ್ಮೂರು ಹಾಸನಾನೇ, ಆದ್ರೆ ಅಡುಗೆ ಮಾಡ್ತಿರಲ್ಲ. ಒಂದು ವಾರದ ಟ್ರೈನಿಂಗ್ ತರ ಸ್ವಲ್ಪ ದಿನಕ್ಕೆ ಮಾತ್ರ ಇರೋದಕ್ಕೂ ಐಎನ್‌ಜಿ ಬರುತ್ತೆ, ಅಲ್ಲಿ ಈ ಪ್ರಶ್ನೆ ಪೂರ್ತಿ ಕೆಲಸ ಮಾಡಲ್ಲ, ಆದ್ರೂ ದಿನದ ಮಾತಲ್ಲಿ ಬಹುಪಾಲು ಕಡೆ ದಾರಿ ತೋರಿಸುತ್ತೆ.

ಇನ್ನೊಂದು ಕಡೆ ಕನ್ನಡ ನಮ್ಮನ್ನ ಸೀದಾ ಐಎನ್‌ಜಿಗೇ ತಳ್ಳುತ್ತೆ. ಆಫೀಸ್ ಕಾಲ್‌ನಲ್ಲಿ ನೆಟ್‌ವರ್ಕ್ ಕೈ ಕೊಟ್ಟಾಗ ಬಾಯಿಗೆ ಬರೋದು ‘ಕೇಳಿಸ್ತಾ ಇಲ್ಲ ಸಾರ್’, ಅದೇ ‘ಐ ಆಮ್ ನಾಟ್ ಹಿಯರಿಂಗ್ ಯೂ ಸರ್’ ಆಗುತ್ತೆ. ‘ಅರ್ಥ ಆಗ್ತಾ ಇಲ್ಲ’ ಅನ್ನೋದು ‘ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್’. ಇಂಗ್ಲಿಷ್‌ನಲ್ಲಿ ಇವು ‘ಐ ಕಾಂಟ್ ಹಿಯರ್ ಯೂ’, ‘ಐ ಡೋಂಟ್ ಅಂಡರ್‌ಸ್ಟ್ಯಾಂಡ್’. ಗೊತ್ತಿರೋದು, ಬೇಕಾಗಿರೋದು, ಇಷ್ಟ, ನಂಬಿಕೆ, ನಮ್ಮ ಹತ್ರ ಇರೋದು, ಇವೆಲ್ಲ ಕೈಯಿಂದ ಮಾಡೋ ಕೆಲಸ ಅಲ್ಲ, ಇರೋ ಸ್ಥಿತಿ. ಹಂಗಾಗಿ ‘ಐ ನೋ’, ‘ಐ ವಾಂಟ್’, ‘ಐ ಹ್ಯಾವ್ ಟೂ ಚಿಲ್ಡ್ರನ್’. ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿ, ಯಾಕಂದ್ರೆ ಅಲ್ಲಿ ಹ್ಯಾವ್ ಅಂದ್ರೆ ತಿನ್ನೋದು. ಹಂಗಾದ್ರೆ ಮೆಕ್‌ಡೊನಾಲ್ಡ್ಸ್‌ನವರ ‘ಐ ಆಮ್ ಲವಿಂಗ್ ಇಟ್’? 2003ರಿಂದ ಅವರು ಬಳಸ್ತಿರೋ ಸ್ಲೋಗನ್ ಅದು, ಈಗ ತಿಂತಾ ಇರೋ ಖುಷಿ ಕಾಣಿಸ್ಲಿ ಅಂತ ಹಂಗೆ ಹೇಳೋದು, ಮಾತಲ್ಲಿ ಅದು ನಡೆಯುತ್ತೆ. ಆದ್ರೆ ‘ಐ ಆಮ್ ನೋಯಿಂಗ್’ ಅಂತ ಯಾರೂ ಜಾಹೀರಾತು ಮಾಡಲ್ಲ.

ನಮ್ ದೇಶದಲ್ಲಿ ‘ಐ ಆಮ್ ಹ್ಯಾವಿಂಗ್ ಎ ಡೌಟ್’ ಅಂದ್ರೆ ಎಲ್ರಿಗೂ ಅರ್ಥ ಆಗುತ್ತೆ, ಅದಕ್ಕೆ ನಾಚ್ಕೊಳ್ಳೋದು ಬೇಡವೇ ಬೇಡ. ವಿದೇಶದಲ್ಲಿ ಓದೋಕೆ, ಕೆಲಸಕ್ಕೆ ಹೋಗೋರು ಬರೆಯೋ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ತಗೊಳ್ಳೋರು ಮಾತ್ರ ಸ್ವಲ್ಪ ಗಮನ ಕೊಡಿ, ಅದರ ಸ್ಪೀಕಿಂಗ್‌ನಲ್ಲಿ ಅಂಕ ಕೊಡೋ 4 ಮಾನದಂಡದಲ್ಲಿ ಒಂದು ಗ್ರಾಮರ್.

ಹಿ, ಶಿ, ಇಟ್ ಬಂದಾಗ ಹಾಕೋ ‘ಎಸ್’ ಬಗ್ಗೆ ಒಂದೇ ಮಾತು. ನಾವು ಹೋಗ್ತಾನೆ, ಹೋಗ್ತಾಳೆ, ಹೋಗ್ತಾರೆ, ಹೋಗುತ್ತೆ ಅಂತ ಒಂದೊಂದಕ್ಕೂ ಬಾಲ ಬದಲಾಯಿಸೋ ಜನ, ಇಂಗ್ಲಿಷ್‌ನಲ್ಲಿ ಉಳಿದಿರೋದು ಆ ಒಂದು ಎಸ್ ಮಾತ್ರ. ಡಸ್ ಬಂದ್ರೆ ಎಸ್ ಅದರೊಳಗೇ ಹೋಗ್ಬಿಡುತ್ತೆ, ಆದ್ದರಿಂದ ‘ಡಸ್ ಶಿ ಗೋ’, ‘ಡಸ್ ಶಿ ಗೋಸ್’ ಅಲ್ಲ.

ಇವತ್ತು ರಾತ್ರಿ ಹಿಂಗೆ ಮಾಡಿ ನೋಡಿ. ಅಮ್ಮ ದಿನಾ ಏನೇನ್ ಮಾಡ್ತಾರೆ ಅಂತ ಐದು ವಾಕ್ಯ ಜೋರಾಗಿ ಹೇಳಿ: ‘ಮೈ ಮದರ್ ಗೆಟ್ಸ್ ಅಪ್ ಅಟ್ ಫೈವ್’, ‘ಶಿ ಮೇಕ್ಸ್ ಮುದ್ದೆ ಎವ್ರಿ ನೈಟ್’. ಆಮೇಲೆ ಎದ್ದು ಅಡುಗೆಮನೆ ಬಾಗಿಲಲ್ಲಿ ನಿಂತ್ಕೊಂಡು ಕಣ್ಣಿಗೆ ಕಾಣೋದನ್ನ ಹೇಳಿ. ‘ಶಿ ಈಸ್ ಕಟಿಂಗ್ ಆನಿಯನ್ಸ್’. ಅಮ್ಮ ತಿರುಗಿ ‘ಏನೋ ಅದು’ ಅಂತ ಕೇಳಿದ್ರೆ ‘ಶಿ ಈಸ್ ಲುಕಿಂಗ್ ಅಟ್ ಮಿ’.