ಮೇಲ್ ಮರ್ಜ್: ಏನು ಯಾವುದರಲ್ಲಿ ಸೇರುತ್ತದೆ?

ಕಳೆದ ವಾರ ನಾನು ಸದಸ್ಯನಾಗಿರುವ ಒಂದು ಸಂಘದಿಂದ ಮೇಲ್ ಬಂತು. ತೆರೆದು ನೋಡಿದರೆ 'ಟು' ಸಾಲಿನಲ್ಲಿ ನನ್ನದೂ ಸೇರಿ 180 ಜನರ ವಿಳಾಸ. ಕೆಳಗೆ ಯಾರು ಎಷ್ಟು ಚಂದಾ ಬಾಕಿ ಉಳಿಸಿಕೊಂಡಿದ್ದಾರೆ ಅನ್ನುವ ಪಟ್ಟಿ. ಸಂಘದ ಸದಸ್ಯರ ಪಟ್ಟಿ ಇರುವುದು ಆಕ್ಸೆಸ್ ಅನ್ನುವ ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ. ಫೋನ್ ಮಾಡಿ ಕೇಳಿದೆ. "ಆಕ್ಸೆಸ್‌ನಿಂದಲೇ ಎಲ್ಲರಿಗೂ ಮೇಲ್ ಮರ್ಜ್ ಮಾಡಿದ್ದೀವಿ ಸಾರ್" ಅಂದರು. ಈ ಮಾತನ್ನು ನಾನು ಬೇರೆ ಬೇರೆ ಕಡೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅವರು ಮಾಡಿದ್ದು ಮೇಲ್ ಮರ್ಜ್ ಅಲ್ಲ. ಅದಕ್ಕೆ ನೇರ ವಿರುದ್ಧವಾದದ್ದು.

ತಪ್ಪು ಎಲ್ಲಿಂದ ಹುಟ್ಟುತ್ತದೆ ಅಂತ ನನಗೆ ಒಂದು ಅಂದಾಜಿದೆ. 'ಮರ್ಜ್' ಅನ್ನುವ ಪದ ನಮ್ಮಲ್ಲಿ ಮನೆಮಾತಾಗಿದ್ದು ಬ್ಯಾಂಕ್‌ಗಳಿಂದ. 2017ರ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐನಲ್ಲಿ ಸೇರಿತು. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ. ಪಾಸ್‌ಬುಕ್ ಬದಲಾಯಿತು, ಐಎಫ್‌ಎಸ್‌ಸಿ ಕೋಡ್ ಬದಲಾಯಿತು, ಎರಡಿದ್ದದ್ದು ಒಂದಾಯಿತು. ಹಾಗಾಗಿ ಮರ್ಜ್ ಅಂದರೆ ಹಲವು ಸೇರಿ ಒಂದಾಗುವುದು ಅಂತ ಮನಸ್ಸಿನಲ್ಲಿ ಕೂತುಬಿಟ್ಟಿದೆ. 180 ವಿಳಾಸಗಳ ನಡುವೆ ಸೆಮಿಕೋಲನ್ ಹಾಕಿ ಒಂದೇ ಮೇಲ್‌ನಲ್ಲಿ ಸೇರಿಸಿದರೆ ಅದೂ ಮರ್ಜ್ ಅಂತ ಅನ್ನಿಸುತ್ತದೆ, ಅಲ್ವಾ?

ಆದರೆ ಮೇಲ್ ಮರ್ಜ್‌ನಲ್ಲಿ ಸೇರುವುದು ಜನರಲ್ಲ. ಟೇಬಲ್‌ನ ಒಂದು ರೆಕಾರ್ಡು, ಅಂದರೆ ಒಬ್ಬ ಸದಸ್ಯರ ವಿವರ ಇರುವ ಒಂದು ಸಾಲು, ಪತ್ರದ ಒಂದು ಮಾದರಿಯೊಳಗೆ ಸೇರುತ್ತದೆ. ಲ್ಯಾಟಿನ್‌ನಲ್ಲಿ 'ಮೆರ್ಗೆರೆ' ಅಂದರೆ ಅದ್ದು, ಮುಳುಗಿಸು. ಆ ಹಳೆಯ ಅರ್ಥವೇ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಹೆಸರು, ಬಾಕಿ ಮೊತ್ತ, ಕೊನೆಯ ದಿನಾಂಕ ಪತ್ರದ ಖಾಲಿ ಜಾಗಗಳಲ್ಲಿ ಮುಳುಗುತ್ತವೆ. 180 ರೆಕಾರ್ಡ್ ಇದ್ದರೆ 180 ಬೇರೆ ಬೇರೆ ಪತ್ರ. ಬ್ಯಾಂಕ್ ಮರ್ಜ್‌ನಲ್ಲಿ ಎಣಿಕೆ ಇಳಿಯುತ್ತದೆ, ಇಲ್ಲಿ ಏರುತ್ತದೆ.

ನಮ್ಮ ಮನೆಗಳಲ್ಲಿ ಇದು ಯಾವತ್ತಿನಿಂದಲೂ ಇದೆ. ಪ್ರೆಸ್‌ನಿಂದ 500 ಲಗ್ನಪತ್ರಿಕೆ ಬರುತ್ತವೆ. ಕವರಿನ ಮೇಲೆ 'ಶ್ರೀ/ಶ್ರೀಮತಿ' ಅಂತ ಅಚ್ಚಾಗಿ ಮುಂದೆ ಚುಕ್ಕಿಗಳ ಸಾಲು. ನಡುಮನೆಯಲ್ಲಿ ಚಾಪೆ ಹಾಸಿ, ಅಕ್ಷರ ದುಂಡಗಿರುವ ಚಿಕ್ಕಪ್ಪ ಕೂರುತ್ತಾರೆ. ಹಳೇ ನೋಟ್‌ಬುಕ್ಕಿನ ಪಟ್ಟಿ ಎಡಗಡೆ, ಪತ್ರಿಕೆಗಳ ರಾಶಿ ಬಲಗಡೆ. ಒಂದು ಹೆಸರು ನೋಡಿ ಒಂದು ಕವರ್ ತುಂಬುತ್ತಾರೆ. ಪಕ್ಕದಲ್ಲಿ ಕೂತವರು ಮೂಲೆಗೆ ಅರಿಶಿನ ಕುಂಕುಮ ಹಚ್ಚುತ್ತಾರೆ. ನೋಟ್‌ಬುಕ್ಕೇ ಟೇಬಲ್, ಅಚ್ಚಾದ ಪತ್ರಿಕೆಯೇ ಮಾದರಿ, ಚಿಕ್ಕಪ್ಪ ಮಾಡುತ್ತಿರುವುದು ಮರ್ಜ್. ಸಂಘದವರು ಮಾಡಿದ್ದು ಒಂದೇ ಕವರಿನ ಮೇಲೆ 180 ಹೆಸರು ಬರೆದು ಊರೆಲ್ಲ ಓಡಾಡಿಸುವ ಕೆಲಸ.

ಅಂದ ಹಾಗೆ ಈ ಹೆಸರಿನಲ್ಲಿರುವ 'ಮೇಲ್' ಮೊದಲಿಗೆ ಇಮೇಲ್ ಆಗಿರಲಿಲ್ಲ. 1980ರ ಸುಮಾರಿಗೆ ವರ್ಡ್‌ಸ್ಟಾರ್ ಅನ್ನುವ ಪತ್ರ ಬರೆಯುವ ಸಾಫ್ಟ್‌ವೇರ್‌ನ ಜೊತೆ ಮೇಲ್‌ಮರ್ಜ್ ಬಂದಾಗ ಪತ್ರಗಳು ಪ್ರಿಂಟರ್‌ನಿಂದ ಹೊರಬಂದು ಅಂಚೆಗೆ ಹೋಗುತ್ತಿದ್ದವು.

ಕನ್ನಡದಲ್ಲಿ ಈ ಗೊಂದಲ ಬಿಡಿಸಲು ಒಂದೇ ಪದ ಸಾಕು: 'ಪ್ರತಿ'. ಇದಕ್ಕೆ ಎರಡು ಮುಖ. 'ಪುಸ್ತಕದ ಸಾವಿರ ಪ್ರತಿ' ಅಂದಾಗ ಎಲ್ಲವೂ ಒಂದೇ ಥರ, ಅಕ್ಷರ ಕೂಡ ಆಚೀಚೆ ಇಲ್ಲ. 'ಪ್ರತಿ ಮನೆಗೆ' ಅಂದಾಗ ಒಂದೊಂದು ಮನೆಯೂ ಬೇರೆ. ಸರ್ಕಾರಿ ಪತ್ರದ ಕೊನೆಯಲ್ಲಿ 'ಪ್ರತಿಯನ್ನು ಮಾಹಿತಿಗಾಗಿ' ಅಂತ ಬರೆದು ಇಂಥಿಂಥ ಅಧಿಕಾರಿಗಳ ಹೆಸರು ಹಾಕುತ್ತಾರಲ್ಲ, ಅದು ಮೊದಲನೇ ಮುಖ. ಮೇಲ್‌ನಲ್ಲಿ ಅದೇ ಸಿಸಿ, ಅಂದರೆ ಕಾರ್ಬನ್ ಕಾಪಿ. ಎರಡನೇ ಮುಖ ಮೇಲ್ ಮರ್ಜ್. ಎಲ್ಲರಿಗೂ ಒಂದು ಪ್ರತಿ ಕಳಿಸುವುದು ಬೇರೆ, ಪ್ರತಿಯೊಬ್ಬರಿಗೂ ಒಂದು ಪತ್ರ ಕಳಿಸುವುದು ಬೇರೆ.

ಇದನ್ನು ಹೇಳಿದ ತಕ್ಷಣ ಬರುವ ಉತ್ತರ: "ಹಾಗಾದ್ರೆ ಮುಂದಿನ ಸಲ ಬಿಸಿಸಿ ಹಾಕ್ತೀವಿ ಬಿಡಿ." ಬಿಸಿಸಿಯೂ ಮರ್ಜ್ ಅಲ್ಲ. ಅದು ಸಿಸಿಯ ತಮ್ಮ, ಬ್ಲೈಂಡ್ ಕಾರ್ಬನ್ ಕಾಪಿ: ಉಳಿದವರಿಗೆ ಕಾಣದ ಹಾಗೆ ಕಳಿಸುವ ಪ್ರತಿ. ಟೈಪ್‌ರೈಟರ್ ಕಾಲದಲ್ಲಿ ಎರಡು ಹಾಳೆಗಳ ನಡುವೆ ಕಾರ್ಬನ್ ಇಟ್ಟು ಹೊಡೆದದ್ದು ಕಾರ್ಬನ್ ಕಾಪಿ. ಕಾರ್ಬನ್ ಹಾಳೆಗೆ ಇಂಗ್ಲೆಂಡಿನ ರಾಲ್ಫ್ ವೆಜ್‌ವುಡ್ ಪೇಟೆಂಟ್ ತೆಗೆದುಕೊಂಡದ್ದು 1806ರಲ್ಲಿ. ಯಾರಿಗಾದರೂ ಗುಟ್ಟಾಗಿ ಪ್ರತಿ ಕಳಿಸಬೇಕಿದ್ದರೆ ಟೈಪಿಸ್ಟ್ ಮೇಲಿನ ಹಾಳೆಯನ್ನು ಮೆಷಿನ್‌ನಿಂದ ತೆಗೆದು, ಅವರ ಹೆಸರನ್ನು ಕೆಳಗಿನ ಪ್ರತಿಯ ಮೇಲೆ ಮಾತ್ರ ಹೊಡೆಯುತ್ತಿದ್ದರು. 'ಬ್ಲೈಂಡ್' ಅಂದರೆ ಇಷ್ಟೇ. 1977ರ ಆರ್‌ಎಫ್‌ಸಿ 733 ಅನ್ನುವ ಇಮೇಲ್ ನಿಯಮಾವಳಿಯಲ್ಲೇ ಸಿಸಿ, ಬಿಸಿಸಿ ಎರಡೂ ಇವೆ.

ಬಿಸಿಸಿ ವಿಳಾಸಗಳನ್ನು ಮುಚ್ಚುತ್ತದೆ, ಪತ್ರವನ್ನು ಬದಲಿಸುವುದಿಲ್ಲ. 'ಭಾನುವಾರ ಸಭೆ ಇದೆ, ಬನ್ನಿ' ಅನ್ನುವುದಕ್ಕೆ ಅದು ಬೇಕಾದಷ್ಟು. ಬಾಕಿ ಚಂದಾದ ಪತ್ರಕ್ಕೆ ಸಾಲದು. ಸಂಘದವರು ಬಿಸಿಸಿ ಹಾಕಿದ್ದರೂ ಆ ಬಾಕಿ ಪಟ್ಟಿಯನ್ನು 180 ಜನವೂ ಓದುತ್ತಿದ್ದರು. ಒಬ್ಬರ ಕೈಯಲ್ಲಿ ದುಡ್ಡಿಲ್ಲ ಅನ್ನುವುದು ಊರಿಗೆಲ್ಲ ಗೊತ್ತಾಗಬೇಕಾದ ವಿಷಯವೇ?

ಈಗ ಆಕ್ಸೆಸ್ ಒಳಗೆ ಏನಾಗಿತ್ತು ಅಂತ ನೋಡೋಣ. ಅವರು ಕೋಡ್ ಕಳಿಸಿದರು. ಹತ್ತು ಹನ್ನೆರಡು ಸಾಲು, ಓದಲು ನೀಟಾಗಿತ್ತು. ಒಂದು ಲೂಪ್ ಸದಸ್ಯರ ಟೇಬಲ್ ಮೇಲೆ ಓಡುತ್ತದೆ. ಪ್ರತಿ ಸುತ್ತಿನಲ್ಲೂ ಒಂದು ವಿಳಾಸ ತೆಗೆದು ಸೆಮಿಕೋಲನ್ ಹಾಕಿ ಹಿಂದಿನದಕ್ಕೆ ಅಂಟಿಸುತ್ತದೆ. ಲೂಪ್ ಮುಗಿದ ಮೇಲೆ ಸೆಂಡ್‌ಆಬ್ಜೆಕ್ಟ್, ಅಂದರೆ ಮೇಲ್ ಕಳಿಸುವ ಆಜ್ಞೆ, ಒಂದೇ ಸಲ. ಆ ಒಂದು ಸಾಲು ಲೂಪ್ ಮುಗಿಯುವ ಮೊದಲು ಬಂದು, ಆ ಸುತ್ತಿನ ಒಂದೇ ವಿಳಾಸವನ್ನು ತೆಗೆದುಕೊಂಡಿದ್ದರೆ 180 ಮೇಲ್ ಹೋಗುತ್ತಿದ್ದವು. ಒಳಗಿದ್ದರೆ ಮರ್ಜ್, ಹೊರಗಿದ್ದರೆ ಸುಮ್ನೆ ಗುಂಪು ಮೇಲ್.

ಒಳಗೆ ತಂದರೆ ಇನ್ನೆರಡು ಕೆಲಸ ಇವೆ. ರಿಪೋರ್ಟ್ ಲಗತ್ತಿಸುವುದಾದರೆ ಮೊದಲು ಅದನ್ನು ಆ ಸದಸ್ಯರ ನಂಬರಿಗೆ ಫಿಲ್ಟರ್ ಮಾಡಿ ತೆರೆಯಬೇಕು, ಕಳಿಸಬೇಕು, ಮುಚ್ಚಬೇಕು. ಇಲ್ಲದಿದ್ದರೆ ಪ್ರತಿಯೊಬ್ಬರಿಗೂ ಇಡೀ ಸಂಘದ ರಿಪೋರ್ಟ್ ಹೋಗುತ್ತದೆ. ಎರಡನೆಯದು ಸೆಂಡ್‌ಆಬ್ಜೆಕ್ಟ್‌ನ 'ಎಡಿಟ್‌ಮೆಸೇಜ್', ಕಳಿಸುವ ಮೊದಲು ಮೇಲ್ ತೆರೆದು ತೋರಿಸಬೇಕೇ ಅನ್ನುವ ಆಯ್ಕೆ. ಅದನ್ನು 'ಫಾಲ್ಸ್' ಮಾಡದೆ ಬಿಟ್ಟರೆ ಪ್ರತಿ ಮೇಲ್‌ಗೂ ಒಂದು ಕಿಟಕಿ ತೆರೆಯುತ್ತದೆ. ಕಳಿಸದೆ ಮುಚ್ಚಿದರೆ 2501 ಅನ್ನುವ ಎರರ್ ಬಂದು ಲೂಪ್ ನಿಲ್ಲುತ್ತದೆ. ಮೊದಲ ಸಲ ನಾಲ್ಕೈದು ಜನರ ಮೇಲೆ ಪರೀಕ್ಷೆ ಮಾಡುವಾಗ ಮಾತ್ರ ಆ ಕಿಟಕಿ ಇರಲಿ. ಕಣ್ಣಾರೆ ನೋಡಿ ಕಳಿಸಬಹುದು.

ಬಿಸಿಸಿಯೇ ಸಾಕು ಅನ್ನುವ ಕಡೆ ಕಾಮಾ ಬಗ್ಗೆ ಜೋಪಾನ. ಸೆಂಡ್‌ಆಬ್ಜೆಕ್ಟ್‌ನಲ್ಲಿ ನಾಲ್ಕನೇ ಜಾಗ ಟು, ಐದು ಸಿಸಿ, ಆರು ಬಿಸಿಸಿ. ಸಿಸಿ ಖಾಲಿ ಬಿಟ್ಟರೂ ಅದರ ಕಾಮಾ ಇರಲೇಬೇಕು. ಒಂದು ಕಾಮಾ ತಪ್ಪಿದರೆ ಮುಚ್ಚಿಡಬೇಕೆಂದಿದ್ದ ವಿಳಾಸಗಳೆಲ್ಲ ಸಿಸಿಗೆ ಜಾರುತ್ತವೆ, ಎಲ್ಲರಿಗೂ ಕಾಣುತ್ತವೆ. ಜಾಗ ಎಣಿಸುವ ಬದಲು ಆರ್ಗ್ಯುಮೆಂಟ್‌ನ, ಅಂದರೆ ಆ ಜಾಗದಲ್ಲಿ ಕೊಡುವ ಮಾಹಿತಿಯ, ಹೆಸರು ಬರೆದೇ ಕೊಡಿ. ಇನ್ನು ಮಾಮೂಲಿ ಜಿಮೇಲ್ ಖಾತೆಗೆ ದಿನಕ್ಕೆ 500ರ ಮಿತಿ ಇದೆ. ಅದಕ್ಕಿಂತ ಜಾಸ್ತಿ ಸದಸ್ಯರಿದ್ದರೆ ಎರಡು ದಿನಕ್ಕೆ ಹಂಚಬೇಕು.

ಕನ್ನಡದಲ್ಲಿ ಮರ್ಜ್ ಮಾಡುವವರಿಗೆ ಒಂದು ತೊಡಕು ಮಾತ್ರ ನಮ್ಮದೇ. ಇಂಗ್ಲಿಷ್‌ನಲ್ಲಿ ಊರಿನ ಹೆಸರು ಹೇಗಿದೆಯೋ ಹಾಗೇ ಖಾಲಿ ಜಾಗದಲ್ಲಿ ಕೂರುತ್ತದೆ. ನಮ್ಮಲ್ಲಿ ವಿಭಕ್ತಿ ಹೆಸರಿಗೇ ಅಂಟುತ್ತದೆ. ಮಾದರಿಯಲ್ಲಿ ಊರಿನ ಮುಂದೆ 'ನಲ್ಲಿ' ಅಂತ ಇಟ್ಟರೆ 'ಉಡುಪಿನಲ್ಲಿ', 'ಶಿವಮೊಗ್ಗನಲ್ಲಿ' ಅಂತ ಬಂದು ಓದುವವರ ಕಣ್ಣಿಗೆ ಚುಚ್ಚುತ್ತದೆ. ಬರಬೇಕಾದದ್ದು ಉಡುಪಿಯಲ್ಲಿ, ಶಿವಮೊಗ್ಗದಲ್ಲಿ, ಮೈಸೂರಿನಲ್ಲಿ. ವ್ಯಕ್ತಿಗಳ ಹೆಸರಿಗೆ 'ಅವರಿಗೆ' ಇರುವುದರಿಂದ ಬಚಾವ್. ವಿಭಕ್ತಿ 'ಅವರು' ಮೇಲೆ ಕೂರುತ್ತದೆ, ಹೆಸರು ಹಾಗೇ ಉಳಿಯುತ್ತದೆ. ಊರಿಗೂ ಇದೇ ಉಪಾಯ ಮಾಡಿ, ನಡುವೆ ಒಂದು ಪದ ಇಡಿ: ಉಡುಪಿ ಶಾಖೆಯಲ್ಲಿ, ಶಿವಮೊಗ್ಗ ಶಾಖೆಯಲ್ಲಿ, ಮೈಸೂರು ಶಾಖೆಯಲ್ಲಿ.