ಪೀಠಿಕೆ ಬಾಯಿಗೆ ಬಂತು, ಅದರ ಜಗಳ ಪಾಠಕ್ಕೆ ಬರಲಿಲ್ಲ

1949ರ ಅಕ್ಟೋಬರ್ 17ರಂದು ಸಂವಿಧಾನ ರಚನಾ ಸಭೆ ಪೀಠಿಕೆಯನ್ನು ಚರ್ಚೆಗೆ ಎತ್ತಿಕೊಂಡಿತು. ಮೊದಲ ಪುಟವನ್ನು ಸಭೆ ಬೇಕಂತಲೇ ಕೊನೆಗೆ ಉಳಿಸಿಕೊಂಡಿತ್ತು. ಒಳಗಿನ ವಿಧಿಗಳೆಲ್ಲ ಒಂದು ಹದಕ್ಕೆ ಬರಲಿ, ಆಮೇಲೆ ಅದಕ್ಕೆ ಹೊಂದುವ ಹಾಗೆ ಪೀಠಿಕೆ ಇರಲಿ ಅನ್ನೋ ಲೆಕ್ಕ. ಅವತ್ತು ಎಚ್.ವಿ. ಕಾಮತ್ ಎದ್ದು ನಿಂತರು. ಹುಟ್ಟಿದ್ದು ಮಂಗಳೂರಿನಲ್ಲಿ, ಸಭೆಗೆ ಬಂದದ್ದು ಮಧ್ಯ ಪ್ರಾಂತ್ಯದಿಂದ. ಪೀಠಿಕೆ ‘ದೇವರ ಹೆಸರಿನಲ್ಲಿ’ ಎಂದು ಶುರುವಾಗಬೇಕು ಅನ್ನೋದು ಅವರ ತಿದ್ದುಪಡಿ.

ಅಸ್ಸಾಮಿನ ರೋಹಿಣಿ ಕುಮಾರ್ ಚೌಧುರಿ, ದೇವರು ಮಾತ್ರ ಯಾಕೆ, ದೇವಿ ಯಾಕಿಲ್ಲ ಎಂದು ಕೇಳಿದರು. ಅವರು ಶಕ್ತಿಯ ಆರಾಧಕರ ನಾಡಿನವರು. ತಿರುವಾಂಕೂರಿನ ಪಟ್ಟಂ ತಾಣು ಪಿಳ್ಳೈ, ದೇವರನ್ನು ನಂಬುವ ಹಕ್ಕು ಹೇಗಿದೆಯೋ ನಂಬದಿರುವ ಹಕ್ಕೂ ಹಾಗೇ ಇದೆ, ಇದು ಒತ್ತಾಯವಾಗುತ್ತದೆ ಅಂದರು. ದೇವರನ್ನು ಮತಕ್ಕೆ ಹಾಕುವ ಇಕ್ಕಟ್ಟಿಗೆ ನಮ್ಮನ್ನು ತಳ್ಳಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರು. ಕಾಮತ್ ಬಿಡಲಿಲ್ಲ. ಮತ ಎಣಿಸಿದರು: ದೇವರ ಪರ 41, ವಿರುದ್ಧ 68. ಗಾಂಧೀಜಿ ಹೆಸರು ಹಾಕೋಣ ಎಂಬ ಸೂಚನೆಯೂ ಅವತ್ತೇ ಬಂತು. ಇದು ಗಾಂಧಿಯ ಸಂವಿಧಾನವೇ ಅಲ್ಲ, ಇದರ ಬುನಾದಿ ಬ್ರಿಟಿಷರ 1935ರ ಭಾರತ ಸರ್ಕಾರ ಕಾಯ್ದೆ ಮತ್ತು ಅಮೆರಿಕದ ಕೋರ್ಟ್ ತೀರ್ಪುಗಳು, ಅವರ ಹೆಸರನ್ನು ಯಾಕೆ ಎಳೆಯುತ್ತೀರಿ ಎಂದು ಬ್ರಜೇಶ್ವರ ಪ್ರಸಾದ್ ಸಿಟ್ಟಾದರು. ಆ ಸೂಚನೆಯೂ ಬಿದ್ದುಹೋಯಿತು.

ಇಂದು ಕರ್ನಾಟಕದ ಮಕ್ಕಳು ಶಾಲೆಯಲ್ಲಿ ‘ಭಾರತದ ಜನತೆಯಾದ ನಾವು’ ಎಂದು ಓದುತ್ತಾರಲ್ಲ, ಆ ಮಾತಿನ ಹಿಂದೆ ಇಷ್ಟು ಗಲಾಟೆ ಇದೆ. ಇದು ಹೈಸ್ಕೂಲು ತರಗತಿಗೆ ಹೇಳಿ ಮಾಡಿಸಿದ ಪಾಠ. ಆದರೆ ನಮ್ಮ ಶಾಲೆಗಳಿಗೆ ಪೀಠಿಕೆ ಬಂದ ದಾರಿಯೇ ಬೇರೆ.

ಸ್ವಾತಂತ್ರ್ಯದ ಹೊಸತರಲ್ಲಿ ಶಾಲೆಯಲ್ಲಿ ಇದ್ದದ್ದು ಪೌರನೀತಿ. ಬ್ರಿಟಿಷರ ಕಾಲದ ಬಳುವಳಿ ಅದು. ಜನರ ನಿಷ್ಠೆ ಕೈತಪ್ಪುತ್ತಿದೆ ಎಂದು ಆಳುವವರಿಗೆ ಅನಿಸಿದ ಹೊತ್ತಲ್ಲಿ, ವಿಧೇಯ ಪ್ರಜೆಗಳನ್ನು ತಯಾರು ಮಾಡೋಕೆ ಹುಟ್ಟಿದ ವಿಷಯ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಇದೇ ಹಿನ್ನೆಲೆಯನ್ನು ಎತ್ತಿ ತೋರಿಸಿತು. ನಡುವೆ 1952-53ರಲ್ಲಿ ಮೊದಲಿಯಾರ್ ಆಯೋಗ, ಪ್ರೌಢಶಾಲೆಯ ಕೆಲಸವೇ ಪ್ರಜಾಪ್ರಭುತ್ವಕ್ಕೆ ಬೇಕಾದ ನಾಗರಿಕರನ್ನು ಬೆಳೆಸುವುದು ಎಂದು ಹೇಳಿತ್ತು. ಹೇಳಿದ್ದು ವರದಿಯಲ್ಲಿ ಉಳಿಯಿತು. ತರಗತಿಯಲ್ಲಿ ಉಳಿದದ್ದು ಲೋಕಸಭೆಗೆ 25 ವರ್ಷ, ರಾಜ್ಯಸಭೆಗೆ 30, ರಾಷ್ಟ್ರಪತಿಗೆ 35. ಒಂದಿಡೀ ತಲೆಮಾರಿಗೆ ಸಂವಿಧಾನ ಅಂದರೆ ಕನಿಷ್ಠ ವಯಸ್ಸಿನ ಪಟ್ಟಿ. ಸುಮ್ನೆ ಹೇಳ್ತಿಲ್ಲ, ನಿಮ್ಮ ಮನೆಯ ಹಿರಿಯರನ್ನೇ ಕೇಳಿ ನೋಡಿ.

ಪೀಠಿಕೆಯ ಕಾನೂನು ಸ್ಥಾನವೂ ಆಗ ಗಟ್ಟಿ ಇರಲಿಲ್ಲ. 1960ರಲ್ಲಿ ಬೇರುಬಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪೀಠಿಕೆ ಸಂವಿಧಾನದ ಭಾಗವೇ ಅಲ್ಲ ಎಂದಿತ್ತು. ಹದಿಮೂರು ವರ್ಷ ಬಿಟ್ಟು ಅದು ತಿರುಗಿಬಿತ್ತು. ತಿರುಗಿಸಿದ ಕೇಸು ಕಾಸರಗೋಡಿನ ಪಕ್ಕದ ಎಡನೀರಿನಿಂದ ಹೊರಟದ್ದು. ಯಕ್ಷಗಾನ ಪ್ರಿಯರಿಗೆ ಎಡನೀರು ಮಠ ಗೊತ್ತೇ ಇದೆ. ಕೇರಳ ಸರ್ಕಾರದ ಭೂ ಸುಧಾರಣೆ ಕಾಯ್ದೆಯಿಂದ ಮಠದ ಜಮೀನು ಹೋಗುತ್ತದೆ ಎಂದು ಕೇಶವಾನಂದ ಭಾರತಿ ಸ್ವಾಮೀಜಿ 1970ರಲ್ಲಿ ಕೋರ್ಟ್ ಮೆಟ್ಟಿಲು ಹತ್ತಿದರು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು 7-6ರಲ್ಲಿ ತೀರ್ಪು ಬಂತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವ ಹಾಗಿಲ್ಲ. ಪೀಠಿಕೆ ಸಂವಿಧಾನದ ಭಾಗವೇ ಹೌದು ಎಂಬುದೂ ಅಲ್ಲೇ ಇತ್ಯರ್ಥವಾಯಿತು.

ಆ ಏಳು ಜನರಲ್ಲಿ ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆ ಕೂಡ ಒಬ್ಬರು. ತೀರ್ಪು ಬಂದ ಬೆನ್ನಿಗೇ ಸರ್ಕಾರ ಹೆಗ್ಡೆ, ಶೆಲಟ್, ಗ್ರೋವರ್ ಮೂವರ ಹಿರಿತನವನ್ನೂ ಬದಿಗಿಟ್ಟು ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆ ಮುಂದೆ 1977ರಲ್ಲಿ ಲೋಕಸಭೆಯ ಸ್ಪೀಕರ್ ಆದರು. ಕಾಸರಗೋಡು, ಕಾರ್ಕಳ, ಮಂಗಳೂರು. ದೇಶದ ಸಂವಿಧಾನದ ಕಥೆಯ ದೊಡ್ಡ ತಿರುವೊಂದು ಇಷ್ಟು ಹತ್ತಿರದಲ್ಲಿದೆ. ಸಂವಿಧಾನ ಸಭೆಯ ಸಲಹೆಗಾರರಾಗಿ ಮೊದಲ ಕರಡು ಸಿದ್ಧಮಾಡಿದ ಬೆನಗಲ್ ನರಸಿಂಗ ರಾವ್ ಅವರೂ ಮಂಗಳೂರಿನಲ್ಲೇ ಹುಟ್ಟಿದವರು. ಕರಾವಳಿಯ ಹೈಸ್ಕೂಲಿನ ಮಕ್ಕಳಿಗೆ ಇದನ್ನೆಲ್ಲ ಹೇಳದೆ ಕಳಿಸಿದರೆ ನಷ್ಟ ಯಾರಿಗೆ, ಅಲ್ವಾ?

1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, 42ನೇ ತಿದ್ದುಪಡಿ ಬಂತು. ವಿರೋಧ ಪಕ್ಷದ ನಾಯಕರು ಜೈಲಿನಲ್ಲಿದ್ದಾಗಲೇ ಪೀಠಿಕೆಗೆ ಸಮಾಜವಾದಿ, ಜಾತ್ಯತೀತ ಎಂಬ ಮಾತುಗಳು ಸೇರಿದವು. ಐಕ್ಯತೆಯ ಜೊತೆಗೆ ಅಖಂಡತೆಯೂ ಬಂತು. ಅದೇ ತಿದ್ದುಪಡಿಯಲ್ಲಿ ಹತ್ತು ಮೂಲಭೂತ ಕರ್ತವ್ಯಗಳೂ ಬಂದವು. 2002ರಲ್ಲಿ ಹನ್ನೊಂದನೆಯದು ಸೇರಿಕೊಂಡಿತು. ಕರ್ತವ್ಯದ ಪಟ್ಟಿ ಶಾಲೆಗಳಿಗೆ ಬಹಳ ಹಿಡಿಸಿತು. ಬಾಯಿಪಾಠಕ್ಕೆ ಸಲೀಸು ನೋಡಿ. ಹಕ್ಕಿನ ಪಾಠ ಹಾಗಲ್ಲ, ಅದು ಹೆಡ್‌ಮಾಸ್ಟರ ಕೋಣೆ ತನಕ ಹೋಗಿಬಿಡಬಹುದು.

ಈ ತಿದ್ದುಪಡಿಯಿಂದ ಪೀಠಿಕೆಯಲ್ಲಿ ಒಂದು ವಿಚಿತ್ರ ಉಳಿದಿದೆ. 1976ರ ಮಾತುಗಳಿವೆ, ಕೆಳಗೆ ತಾರೀಕು ಮಾತ್ರ 1949ರ ನವೆಂಬರ್ 26. ಕಣ್ಣಿಟ್ಟು ಓದುವ ಹುಡುಗಿ ಇದು ಹೇಗೆ ಅಂತ ಕೇಳಿಯೇ ಕೇಳುತ್ತಾಳೆ. ಉತ್ತರ ಹೇಳುವ ಮೇಷ್ಟ್ರು 1948ರ ನವೆಂಬರ್ 15ಕ್ಕೆ ಹೋಗಬೇಕು. ಭಾರತ ‘ಸೆಕ್ಯುಲರ್, ಫೆಡರಲ್, ಸೋಷಲಿಸ್ಟ್’ ಎಂದು ಸೇರಿಸಿ ಅಂತ ಅವತ್ತು ಸಂವಿಧಾನ ಸಭೆಯಲ್ಲಿ ಕೆ.ಟಿ. ಷಾ ಕೇಳಿದರು. ಅಂಬೇಡ್ಕರ್ ಒಪ್ಪಲಿಲ್ಲ. ಸಮಾಜ ಹೇಗೆ ನಡೆಯಬೇಕು ಅನ್ನೋದನ್ನು ಆಯಾ ಕಾಲದ ಜನ ತೀರ್ಮಾನಿಸಲಿ, ನಾವು ಅದನ್ನು ಕಟ್ಟಿಹಾಕಬಾರದು, ಜೊತೆಗೆ ನೀವು ಕೇಳುವ ಸಮಾಜವಾದ ರಾಜ್ಯನೀತಿ ನಿರ್ದೇಶಕ ತತ್ವಗಳಲ್ಲಿ ಈಗಾಗಲೇ ಇದೆ ಎಂದರು. 2024ರ ನವೆಂಬರ್ 25ರಂದು ಸುಪ್ರೀಂ ಕೋರ್ಟ್ ಈ ಮಾತುಗಳನ್ನು ತೆಗೆಯಿರಿ ಎಂಬ ಅರ್ಜಿಗಳನ್ನು ವಜಾ ಮಾಡಿತು. ತಾರೀಕು ಹಳೆಯದು ಅನ್ನೋ ಕಾರಣಕ್ಕೆ ತಿದ್ದುಪಡಿಯ ಅಧಿಕಾರ ಇಲ್ಲವಾಗುವುದಿಲ್ಲ ಎಂದಿತು. ಪರ ಇರಲಿ, ವಿರುದ್ಧ ಇರಲಿ, ಷಾ ಮತ್ತು ಅಂಬೇಡ್ಕರ್ ಮಾತು ಗೊತ್ತಿಲ್ಲದೆ ಈ ವಾದಕ್ಕೆ ಇಳಿಯುವವರೇ ಇಂದು ಜಾಸ್ತಿ.

ಪಠ್ಯದಲ್ಲಿ ನಿಜವಾದ ಬದಲಾವಣೆ ಬಂದದ್ದು 2005ರ ಚೌಕಟ್ಟಿನ ನಂತರ. ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿ ಪುಸ್ತಕ ಸಂವಿಧಾನದ ಪಾಠವನ್ನು ದಕ್ಷಿಣ ಆಫ್ರಿಕಾದಿಂದ ಶುರುಮಾಡಿತು. ನೆಲ್ಸನ್ ಮಂಡೇಲಾ, ವರ್ಣಭೇದ, ಆಮೇಲೆ ಶತ್ರುಗಳಾಗಿದ್ದವರು ಒಟ್ಟಿಗೆ ಕೂತು ಬರೆದ ಸಂವಿಧಾನ. ಅಮೆರಿಕ, ಭಾರತ, ದಕ್ಷಿಣ ಆಫ್ರಿಕಾದ ಪೀಠಿಕೆಗಳನ್ನು ಹೋಲಿಸಿ ನೋಡಿ ಎಂದು ಮಕ್ಕಳಿಗೆ ಹೇಳಿತು. ನನ್ನ ಮಟ್ಟಿಗೆ ಇದೇ ಒಳ್ಳೆಯ ದಾರಿ. ಬೇರೆಯವರ ಮುನ್ನುಡಿ ನೋಡಿದಾಗಲೇ ನಮ್ಮದರಲ್ಲಿ ಏನಿದೆ ಅನ್ನೋದು ಕಾಣುವುದು.

ಆದರೆ ಪ್ರಶ್ನೆ ಕೇಳುವ ಪುಸ್ತಕಕ್ಕೆ ಬೆಲೆ ತೆರಬೇಕಾಗುತ್ತದೆ. 2012ರ ಮೇನಲ್ಲಿ ಹನ್ನೊಂದನೇ ತರಗತಿ ಪುಸ್ತಕದ ಒಂದು ವ್ಯಂಗ್ಯಚಿತ್ರ ಸಂಸತ್ತನ್ನು ನಿಲ್ಲಿಸಿತು. 1949ರಲ್ಲಿ ಶಂಕರ್ ಬರೆದ ಚಿತ್ರ. ಬಸವನಹುಳದ ಮೇಲೆ ಕೂತ ಅಂಬೇಡ್ಕರ್, ಹಿಂದೆ ಚಾಟಿ ಹಿಡಿದ ನೆಹರೂ. ದಲಿತರಿಗೆ ಆದ ನೋವನ್ನು ಹಗುರವಾಗಿ ನೋಡಲಾಗದು; ಚಾಟಿ ಅನ್ನೋದು ಎಲ್ಲರಿಗೂ ಬರೀ ಚಿತ್ರವಲ್ಲ. ಆದರೆ ಪಕ್ಕದಲ್ಲೇ ಪಾಠವೂ ಇತ್ತು: ಸಂವಿಧಾನ ಬರೆಯಲು ಇಷ್ಟು ವರ್ಷ ಯಾಕೆ ಬೇಕಾಯಿತು? ಕರಡಿಗೆ 7,635 ತಿದ್ದುಪಡಿಗಳು ಬಂದಿದ್ದವು, ಅದರಲ್ಲಿ 2,473 ಸಭೆಯಲ್ಲಿ ಮಂಡನೆಯಾದವು. ಕರಡು ಸಮಿತಿಯಲ್ಲಿ ಒಬ್ಬರು ರಾಜೀನಾಮೆ ಕೊಟ್ಟು, ಒಬ್ಬರು ತೀರಿಕೊಂಡು, ಒಬ್ಬರು ಅಮೆರಿಕದಲ್ಲಿದ್ದು, ಹೊರೆಯೆಲ್ಲ ಕೊನೆಗೆ ಅಂಬೇಡ್ಕರ್ ಮೇಲೆ ಬಿತ್ತು ಎಂದು ಟಿ.ಟಿ. ಕೃಷ್ಣಮಾಚಾರಿ ಸಭೆಯಲ್ಲೇ ಹೇಳಿದ್ದರು. ಈ ಉತ್ತರವನ್ನು ತರಗತಿಗೆ ತಲುಪಿಸಿದ್ದರೆ ಚಿತ್ರವೇ ತಲೆಕೆಳಗಾಗುತ್ತಿತ್ತು. ಅದಕ್ಕೆ ಮೊದಲೇ ಪುಸ್ತಕದ ಮುಖ್ಯ ಸಲಹೆಗಾರರಾದ ಯೋಗೇಂದ್ರ ಯಾದವ್ ಮತ್ತು ಸುಹಾಸ್ ಪಾಳ್ಶೀಕರ್ ರಾಜೀನಾಮೆ ಕೊಟ್ಟಾಗಿತ್ತು.

ನಮ್ಮಲ್ಲೂ 2022ರಲ್ಲಿ ಇಂಥದೇ ಜಗಳ. ಪಠ್ಯ ಪರಿಷ್ಕರಣೆಯಲ್ಲಿ ಒಂಬತ್ತನೇ ತರಗತಿಯ ಸಂವಿಧಾನದ ಪಾಠದಿಂದ ಅಂಬೇಡ್ಕರರಿಗೆ ಇದ್ದ ‘ಸಂವಿಧಾನ ಶಿಲ್ಪಿ’ ಎಂಬ ಬಿರುದು ಬಿಟ್ಟುಹೋಯಿತು. ದೊಡ್ಡ ಪ್ರತಿಭಟನೆಯ ನಂತರ ಸರ್ಕಾರ ಅದನ್ನು ಮತ್ತೆ ಸೇರಿಸಿತು. ಅದಕ್ಕೆ ಎರಡು ವರ್ಷ ಮೊದಲು, ಕೋವಿಡ್ ಕಾಲದ ಸಿಲಬಸ್ ಕಡಿತದಲ್ಲಿ ಸಿಬಿಎಸ್‌ಇ ಹನ್ನೊಂದನೇ ತರಗತಿಗೆ ಒಕ್ಕೂಟ ವ್ಯವಸ್ಥೆ, ಪೌರತ್ವ, ಜಾತ್ಯತೀತತೆಯ ಪಾಠಗಳನ್ನು ಆ ವರ್ಷಕ್ಕೆ ಕೈಬಿಟ್ಟಿತ್ತು. ಹೊರೆ ಇಳಿಸಬೇಕಾದಾಗ ಮೊದಲು ಇಳಿದದ್ದು ಇವು.

ಪೀಠಿಕೆ ಓದಿಸುವ ಕೆಲಸ ಶುರುವಾದದ್ದೂ ಸುಮಾರು ಇದೇ ಹೊತ್ತಿಗೆ. 2015ರಲ್ಲಿ, ಅಂಬೇಡ್ಕರರ 125ನೇ ಜಯಂತಿ ವರ್ಷದಲ್ಲಿ, ಕೇಂದ್ರ ಸರ್ಕಾರ ನವೆಂಬರ್ 26ನ್ನು ಸಂವಿಧಾನ ದಿನವೆಂದು ಘೋಷಿಸಿತು. ಮಹಾರಾಷ್ಟ್ರದಲ್ಲಿ 2020ರ ಗಣರಾಜ್ಯೋತ್ಸವದಿಂದ ಶಾಲೆಗಳಲ್ಲಿ ಪೀಠಿಕೆ ಓದುವುದು ಕಡ್ಡಾಯವಾಯಿತು. ಕರ್ನಾಟಕದ ಸಂಪುಟ 2023ರ ಜೂನ್ 15ರಂದು ಶಾಲೆ ಕಾಲೇಜುಗಳಲ್ಲಿ ಪೀಠಿಕೆ ಓದಿಸುವ ತೀರ್ಮಾನ ತೆಗೆದುಕೊಂಡಿತು. ಆ ಸೆಪ್ಟೆಂಬರ್ 15ಕ್ಕೆ ವಿಧಾನಸೌಧದ ಮುಂದೆ ಸಾಮೂಹಿಕ ಓದು. 2024ರ ಜನವರಿ 26ರಿಂದ ಸಂವಿಧಾನ ಜಾಗೃತಿ ಜಾಥಾದ ಸ್ತಬ್ಧಚಿತ್ರಗಳು ಗ್ರಾಮ ಪಂಚಾಯಿತಿಗಳನ್ನು ಸುತ್ತಿದವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬೀದರ್‌ನಿಂದ ಚಾಮರಾಜನಗರದವರೆಗೆ ಸುಮಾರು 2,500 ಕಿಲೋಮೀಟರ್ ಮಾನವ ಸರಪಳಿ.

ಇದನ್ನು ಹೀಯಾಳಿಸಲು ನನಗೆ ಮನಸ್ಸಿಲ್ಲ. ಊರಿನ ಹಲಗೆಯ ಮೇಲೆ, ಪಂಚಾಯಿತಿ ಗೋಡೆಯ ಮೇಲೆ ಆ ಮಾತುಗಳು ಕಂಡಿವೆ. ಹತ್ತನೇ ತರಗತಿಯವರು 17ನೇ ವಿಧಿಯನ್ನು ಪರೀಕ್ಷೆಗಾಗಿಯಾದರೂ ಓದುತ್ತಾರೆ, ಅಸ್ಪೃಶ್ಯತೆ ಅಪರಾಧ ಅನ್ನೋದು ಆ ವಯಸ್ಸಿಗೇ ಗೊತ್ತಾಗುತ್ತದೆ. ಆದರೆ ಅಸೆಂಬ್ಲಿಯಲ್ಲಿ ಸಾಲಾಗಿ ನಿಂತು ಒಂದೇ ದನಿಯಲ್ಲಿ ಓದುವುದಕ್ಕೂ ಆ ಓದಿನೊಳಗಿನ ‘ಸ್ವಾತಂತ್ರ್ಯ’ಕ್ಕೂ ಎಲ್ಲೋ ತಿಕ್ಕಾಟ ಇದೆ. ಅದನ್ನು ತೋರಿಸುವ ಕೇಸು ಕೂಡ ಶಾಲೆಯದೇ. 1985ರಲ್ಲಿ ಕೇರಳದ ಒಂದು ಶಾಲೆಯಲ್ಲಿ ಮೂವರು ಒಡಹುಟ್ಟಿದ ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರ ಧರ್ಮದ ನಂಬಿಕೆ ಅದಕ್ಕೆ ಒಪ್ಪುತ್ತಿರಲಿಲ್ಲ. ಶಾಲೆ ಹೊರಗೆ ಹಾಕಿತು. 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ನಿಂತಿತು: ಗೌರವದಿಂದ ನಿಂತರೆ ಸಾಕು, ಹಾಡಲೇಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ದಿನಾ ಪೀಠಿಕೆ ಓದುವ ಮಗುವಿಗೆ ಈ ತೀರ್ಪನ್ನೂ ಓದಿಸುತ್ತೇವಾ? ಧೈರ್ಯ ಬೇಕು.

ಕರ್ನಾಟಕದ್ದೇ ಎರಡು ಕೇಸುಗಳಿವೆ, ಎರಡೂ ಶಿಕ್ಷಣದ ಬಗ್ಗೆ. ಇಲ್ಲಿನ ಖಾಸಗಿ ವೈದ್ಯಕೀಯ ಕಾಲೇಜಿಗೆ ಸೇರಲು ಬಂದ ಮೀರತ್‌ನ ವಿದ್ಯಾರ್ಥಿನಿಗೆ ವರ್ಷಕ್ಕೆ 60,000 ರೂಪಾಯಿ ಕೇಳಲಾಗಿತ್ತು. ಸರ್ಕಾರಿ ಸೀಟಿಗೆ ಆಗ 2,000. ಆಕೆ ಸುಪ್ರೀಂ ಕೋರ್ಟಿಗೆ ಹೋದಳು. 1992ರ ತೀರ್ಪು ಪೀಠಿಕೆಯ ‘ವ್ಯಕ್ತಿ ಗೌರವ’ದ ಮಾತನ್ನು ಹಿಡಿದೇ ಶಿಕ್ಷಣ ಒಂದು ಹಕ್ಕು ಎಂದಿತು. ಮರುವರ್ಷ ದೊಡ್ಡ ಪೀಠ ಅದನ್ನು 14 ವರ್ಷದೊಳಗಿನ ಮಕ್ಕಳಿಗೆ ಸೀಮಿತ ಮಾಡಿತು. 2002ರಲ್ಲಿ ಅದು 21ಎ ವಿಧಿಯಾಯಿತು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಪಠ್ಯಕ್ರಮ ಸಂವಿಧಾನದ ಮೌಲ್ಯಗಳಿಗೆ ಹೊಂದಬೇಕು ಎಂದು ಆ ಕಾಯ್ದೆಯ 29ನೇ ಸೆಕ್ಷನ್ನೇ ಹೇಳುತ್ತದೆ.

ಇನ್ನೊಂದು ಕೇಸು ಕನ್ನಡದ ಮಕ್ಕಳಿಗೆ ಇನ್ನೂ ಹತ್ತಿರದ್ದು, ಇನ್ನೂ ಕಷ್ಟದ್ದು. ಒಂದರಿಂದ ನಾಲ್ಕನೇ ತರಗತಿ ತನಕ ಮಾತೃಭಾಷೆ ಅಥವಾ ಕನ್ನಡದಲ್ಲೇ ಪಾಠ ಎಂದು 1994ರಲ್ಲಿ ರಾಜ್ಯ ಸರ್ಕಾರ ಆದೇಶ ಹೊರಡಿಸಿತ್ತು. ಇಪ್ಪತ್ತು ವರ್ಷದ ಕೋರ್ಟ್ ಓಡಾಟದ ನಂತರ, 2014ರ ಮೇ 6ರಂದು ಐವರು ನ್ಯಾಯಮೂರ್ತಿಗಳ ಪೀಠ, ಸರ್ಕಾರ ಮಾಧ್ಯಮವನ್ನು ಹೇರುವಂತಿಲ್ಲ, ಆಯ್ಕೆ ಮಗುವಿನದು ಮತ್ತು ಪೋಷಕರದು ಎಂದಿತು. ಇಲ್ಲಿ ಪೀಠಿಕೆಯ ಸ್ವಾತಂತ್ರ್ಯ ಒಂದು ಕಡೆ, ಸಮಾನ ಅವಕಾಶ ಇನ್ನೊಂದು ಕಡೆ ಎಳೆಯುತ್ತದೆ. ಕನ್ನಡ ಮಾಧ್ಯಮದ ಹತ್ತನೇ ತರಗತಿಯಲ್ಲಿ ಇದನ್ನು ಇಟ್ಟರೆ ಒಂದೊಂದು ಬೆಂಚೂ ಒಂದೊಂದು ಪಕ್ಷ ಹಿಡಿಯುತ್ತದೆ. ಆದರೆ ಸಮಾಜ ವಿಜ್ಞಾನ ಎಂಬ ಒಂದೇ ವಿಷಯದಲ್ಲಿ ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವನ್ನೂ ಮಾರ್ಚಿಗೆ ಮುಂಚೆ ಮುಗಿಸಬೇಕು. ಎರಡು ಸರಿ ಉತ್ತರ ಇರುವ ಪ್ರಶ್ನೆಗೆ ಅಂಕ ಹಂಚುವ ಕೀ ಉತ್ತರ ಯಾರೂ ಬರೆದಿಲ್ಲ. ಹಾಗಾಗಿ ಮೇಷ್ಟ್ರು ಪೀಠಿಕೆ ಓದಿಸಿ ಮುಂದಿನ ಪಾಠಕ್ಕೆ ಹೋಗುತ್ತಾರೆ.